ಗಿಡ್ಡ ಕ್ರ್ಯಾಂಕು, ಎದುರು ಗಾಳಿ

ಶನಿವಾರ ಬೆಳಿಗ್ಗೆ ಐದೂವರೆಗೆ ಆರ್.ಎಸ್. ಪುರಂನ ಮನೆಯ ಗೇಟು ತೆಗೆದು ಸೈಕಲ್ಲನ್ನು ಹೊರಗೆ ತಳ್ಳುತ್ತಿದ್ದಾಗ ನಮ್ಮ ಯಜಮಾನರು ಲುಂಗಿಯಲ್ಲೇ ಮೆಟ್ಟಿಲಿಗೆ ಬಂದು, "ಒಪ್ಪಂದ ನೆನಪಿದೆ ತಾನೆ?" ಎಂದರು. ಹುಷಾರಾಗಿ ಹೋಗಿ ಬಾ ಎನ್ನುವ ಬದಲು ಈ ಮಾತು! "ಇದೆ, ಇದೆ" ಎಂದು ಹೊರಟೆ.

ಒಪ್ಪಂದ ಇಷ್ಟೇ. ಕಾಂಗೇಯಂಗೆ ಸೈಕಲ್ಲಿನಲ್ಲಿ ಹೋಗಿ, ಮರುದಿನ ಸೈಕಲ್ಲಿನಲ್ಲೇ ವಾಪಸ್ಸು ಬರಬೇಕು. ಹೋಗಿ ಬರಲು ಹತ್ತಿರ ಹತ್ತಿರ ನೂರ ನಲವತ್ತು ಕಿಲೋಮೀಟರ್. ಮೊಣಕಾಲು ಕೈಕೊಟ್ಟು ಬಸ್ಸನ್ನೋ ಟೆಂಪೋವನ್ನೋ ಹತ್ತಿದರೆ, ಸೋಮವಾರ ನನ್ನ ಸೈಕಲ್ಲು ಇವರ ಸಹೋದ್ಯೋಗಿ ಶಿವಕುಮಾರ್ ಮನೆ ಸೇರುತ್ತದೆ. ಕೊಡುತ್ತೇನೆಂದು ಇವರು ಆಗಲೇ ಅವರಿಗೆ ಮಾತು ಕೊಟ್ಟಾಗಿತ್ತು, ನನ್ನನ್ನು ಕೇಳದೆ.

ನನಗೀಗ ಐವತ್ಮೂರು. ತುಮಕೂರಿನಿಂದ ಕೊಯಮತ್ತೂರಿಗೆ ಬಂದು ಏಳು ವರ್ಷ. ಬಂದ ಹೊಸದರಲ್ಲಿ ತಮಿಳು ಬಾರದು, ಪರಿಚಯದವರಿಲ್ಲ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮುಗಿಸಿ ಬಂದರೆ ನಾಲ್ಕು ಗೋಡೆ. ಆಗ ನಲವತ್ತಾರನೆಯ ವಯಸ್ಸಿನಲ್ಲಿ ಸೈಕಲ್ ಕಲಿತೆ. ಈ ಊರಿನ ಕೆರೆ, ಸಂತೆ, ಟೀ ಅಂಗಡಿ, ಭಾಷೆ ಎಲ್ಲವೂ ನನಗೆ ಸಿಕ್ಕಿದ್ದು ಅದರ ಮೇಲೆ ಕೂತು. ಅದನ್ನು ಕೊಡು ಎಂದರೆ ನನಗೆ ಅಳು ಬರುತ್ತದೆ, ಸಿಟ್ಟೂ ಬರುತ್ತದೆ.

ಎರಡು ವರ್ಷದಿಂದ ಬಲ ಮೊಣಕಾಲ ಚಿಪ್ಪಿನ ಕೆಳಗೆ ಸೂಜಿ ಚುಚ್ಚಿದ ಹಾಗೆ ನೋವು. ಕಾಲು ಅಷ್ಟು ಮಡಚಬೇಡಿ ಎಂದರು ಡಾಕ್ಟರು. ಸೈಕಲ್ ರಿಪೇರಿಯವರು ಇನ್ನೊಂದು ದಾರಿ ಹೇಳಿದರು. ಪೆಡಲನ್ನು ನಡುವಿನ ಅಚ್ಚಿಗೆ ಕೂಡಿಸುವ ಲೋಹದ ತೋಳಿಗೆ ಕ್ರ್ಯಾಂಕ್ ಎನ್ನುತ್ತಾರೆ. ಅದು ಗಿಡ್ಡವಾದರೆ ಕಾಲು ಸುತ್ತುವ ಚಕ್ರವೂ ಚಿಕ್ಕದಾಗುತ್ತದೆ, ಮೊಣಕಾಲು ಕಡಿಮೆ ಮಡಚುತ್ತದೆ. ನನ್ನದು ನೂರ ಎಪ್ಪತ್ತು ಮಿಲಿಮೀಟರಿನದು. ಎರಡು ಸಾವಿರದ ನಾನೂರು ರೂಪಾಯಿ ಕೊಟ್ಟು ನೂರ ಐವತ್ತೈದರದ್ದು ಹಾಕಿಸಿದೆ. ಅವರು ಸೀಟನ್ನೂ ಎತ್ತರಿಸಿ ಕಳಿಸಿದ್ದರು. ಮನೆಗೆ ಬಂದವಳೇ ನಾನು ಅದನ್ನು ಹಳೆಯ ಗುರುತಿಗೇ ಇಳಿಸಿಬಿಟ್ಟೆ.

ಕಾರಣ ಭಯ. ಹೋದ ವರ್ಷ ಉಕ್ಕಡಂ ಸಿಗ್ನಲ್ಲಿನಲ್ಲಿ, ಮೀನಿನ ಲಾರಿಯ ನೀರು ಸುರಿದಿದ್ದ ಕಡೆ, ಕಾಲು ನೆಲಕ್ಕೆ ಎಟುಕದೆ ಧೊಪ್ಪನೆ ಬಿದ್ದಿದ್ದೆ. ಹಿಂದಿನ ಬಸ್ಸು ಬ್ರೇಕು ಹಾಕಿದ ಸದ್ದು ಈಗಲೂ ಕಿವಿಯಲ್ಲಿದೆ. ಅಂದಿನಿಂದ ಸೀಟಿನ ಮೇಲೆ ಕೂತಾಗ ಎರಡು ಪಾದವೂ ನೆಲ ಮುಟ್ಟಬೇಕು, ಇಲ್ಲದಿದ್ದರೆ ಎದೆ ಡವಗುಟ್ಟುತ್ತದೆ. ಈ ಭಯವನ್ನು ನಾನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ತಿರುಚ್ಚಿ ರಸ್ತೆ ಹಿಡಿದು ಸಿಂಗಾನಲ್ಲೂರು, ಸೂಲೂರು ದಾಟಿದೆ. ಆಡಿ ತಿಂಗಳು, ಅಂದರೆ ನಮ್ಮ ಆಷಾಢ, ಪಾಲಕ್ಕಾಡಿನ ಕಡೆಯಿಂದ ಬೀಸುವ ಗಾಳಿ ಬೆನ್ನಿಗಿತ್ತು. ಗಾಳಿ ಬಂದಾಗ ತೂರಿಕೋ ಎಂದಿದ್ದಾರಲ್ಲ, ನಾನೂ ತೂರಿಕೊಂಡೆ. ಎಂಟೂವರೆಗೆ ಪಲ್ಲಡಂ. ನಾಲ್ಕು ಇಡ್ಲಿ, ಒಂದು ವಡೆ, ಟೀ. ಮನೆಗೆ ಫೋನು ಮಾಡಿ, "ನೋವೇ ಇಲ್ಲ, ನಿಮ್ಮ ಶಿವಕುಮಾರ್‌ಗೆ ಬೇರೆ ಸೈಕಲ್ ನೋಡ್ಕೊಳ್ಳೋಕೆ ಹೇಳಿ" ಎಂದೆ. "ವತ್ಸಲಾ, ಇನ್ನೂ ವಾಪಸ್ ಬರೋದಿದೆ" ಎಂದಷ್ಟೇ ಹೇಳಿ ಇಟ್ಟರು.

ಪೊಂಗಲೂರು ಕಳೆದ ಮೇಲೆ ಎರಡೂ ಬದಿ ಗಾಳಿಯಂತ್ರಗಳು, ತೆಂಗಿನ ತೋಟಗಳು, ಬೇಲಿ ಕಟ್ಟಿದ ಹುಲ್ಲುಗಾವಲಿನಲ್ಲಿ ಬೂದು ಬಣ್ಣದ ಕಾಂಗೇಯಂ ಹಸುಗಳು. ಕೊನೆಯ ಹತ್ತು ಕಿಲೋಮೀಟರಿನಲ್ಲಿ ಸೂಜಿ ಮೆಲ್ಲಗೆ ಚುಚ್ಚತೊಡಗಿತು. ಹನ್ನೊಂದೂವರೆಗೆ ಊರು ಸೇರಿದಾಗ ಎಲ್ಲ ಕಡೆ ಕೊಬ್ಬರಿ ಒಣಗುವ ವಾಸನೆ. ಗಾಣದಲ್ಲಿ ಒಂದು ಲೀಟರ್ ಎಣ್ಣೆ ಕೊಂಡೆ. ಎಂಟುನೂರು ರೂಪಾಯಿಯ ಲಾಡ್ಜಿನಲ್ಲಿ ಅದನ್ನೇ ಮೊಣಕಾಲಿಗೆ ತಿಕ್ಕುತ್ತ, ಹಾಳು ಗಿಡ್ಡ ಕ್ರ್ಯಾಂಕಿಗೆ ದುಡ್ಡು ಸುರಿದೆನಲ್ಲ ಎಂದು ಶಪಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆ ನನಗೇ ಹೊಂದುತ್ತದೆಂದು ಆಗ ಹೊಳೆಯಲಿಲ್ಲ.

ಭಾನುವಾರ ಆರಕ್ಕೇ ಹೊರಟೆ. ನಿನ್ನೆ ಬೆನ್ನು ತಟ್ಟಿದ ಗಾಳಿ ಇಂದು ಎದೆಗೆ ಗುದ್ದುತ್ತಿತ್ತು. ಗಂಟೆಗೆ ಒಂಬತ್ತು ಕಿಲೋಮೀಟರ್ ದಾಟಲಿಲ್ಲ. ದಾರಿಬದಿಯಲ್ಲಿ ಇಪ್ಪತ್ತು ರೂಪಾಯಿಗೆ ಒಂದು ಚೊಂಬು ಸಜ್ಜೆ ಅಂಬಲಿ, ನೆಂಚಿಕೊಳ್ಳಲು ಮಜ್ಜಿಗೆ ಮೆಣಸಿನಕಾಯಿ. ಪಲ್ಲಡಂ ದಾಟಿ ನಾಲ್ಕೈದು ಕಿಲೋಮೀಟರ್ ಹೋಗುವಷ್ಟರಲ್ಲಿ ಬಲಗಾಲು ತುಳಿಯಲಾರೆ ಎಂದಿತು. ಇಳಿದೆ. ಕೊಯಮತ್ತೂರು ಬಸ್ಸು ಪಕ್ಕದಲ್ಲೇ ನಿಧಾನ ಮಾಡಿತು, ಕಂಡಕ್ಟರು ಕೈ ಬೀಸಿ ಕರೆದರು. ಹತ್ತಿಬಿಡಲೇ ಅನ್ನಿಸಿತು. ಹಾಳು ಛಲ, ತಲೆ ಅಲ್ಲಾಡಿಸಿ, ಸೈಕಲ್ ತಳ್ಳಿಕೊಂಡು ನೆರಳಿಗೆಂದು ಒಂದು ಅಡ್ಡರಸ್ತೆಗೆ ತಿರುಗಿದೆ.

ಹೆಂಚಿನ ಮನೆಯೊಂದರಿಂದ ಮಗ್ಗದ ಸದ್ದು ಬರುತ್ತಿತ್ತು. ಬಾಗಿಲಲ್ಲಿದ್ದ ಹೆಂಗಸಿಗೆ ನನ್ನ ಮುರುಕು ತಮಿಳಿನಲ್ಲಿ ನೀರು ಕೇಳಿದೆ. ಅವರು ಒಳಗೆ ತಿರುಗಿ, "ಏನ್ರೀ, ಯಾರೋ ಅಮ್ಮ ಬಂದವ್ರೆ, ಪಾವಂ, ಮೊಗ ಕಪ್ಪಾಗೋಗದೆ" ಎಂದರು. ಕನ್ನಡ! ಗಕ್ಕನೆ, "ನೀವು ಕನ್ನಡದವರಾ?" ಎಂದೆ.

"ಮನೇಲಿ ಅದೇ ಪೇಸ್ತೀವಿ ಅಕ್ಕ. ಎಷ್ಟು ತಲೆಮೊರೆ ಆಯ್ತೋ ತಿಳೀದು. ಓದಕ್ಕೆ ಬರಲ್ಲ" ಎಂದರು. ಹೆಸರು ಸರೋಜಮ್ಮ. ನೀರಿನ ಹಿಂದೆಯೇ ಮಜ್ಜಿಗೆಯೂ ಬಂತು. ಅವರ ಗಂಡ ರಾಮಲಿಂಗಣ್ಣ, ಅರವತ್ತರ ಮೇಲಿನವರು, ಗುಂಡಿಮಗ್ಗದಲ್ಲಿ ಕೂತು ಹತ್ತಿ ಸೀರೆ ನೇಯುತ್ತಿದ್ದರು. ನೋವಿನ ಕಥೆಯನ್ನೂ ಗಿಡ್ಡ ಕ್ರ್ಯಾಂಕಿನ ಕಥೆಯನ್ನೂ ಹೇಳಿಕೊಂಡೆ. ಅವರು ಮಗ್ಗ ನಿಲ್ಲಿಸಿ ಎದ್ದು ಬಂದರು.

"ಏರಿ ಒಂದು ಸುತ್ತು ಓಡ್ಸಿ, ನೋಡ್ತೀನಿ."

ಅಂಗಳದಲ್ಲಿ ಒಂದು ಸುತ್ತು ಹಾಕಿದೆ. ಅವರು ನನ್ನ ಮುಖ ನೋಡಲಿಲ್ಲ, ಬಗ್ಗಿ ಕಾಲನ್ನೇ ನೋಡಿದರು. "ಕಾಲು ನೀಳವೇ ಆಗ್ತಿಲ್ಲ ಅಕ್ಕ. ಕುಕ್ಕರಗಾಲಲ್ಲೇ ತುಳೀತೀರಿ. ಸೀಟು ಯಾಕೆ ಇಷ್ಟು ಕೆಳಗೆ?"

"ಇಲ್ಲದಿದ್ರೆ ನೆಲ ಸಿಗಲ್ಲ."

"ಬನ್ನಿ ಇಲ್ಲಿ." ಮಗ್ಗದ ಗುಂಡಿಯ ಬಳಿ ಕರೆದೊಯ್ದು, ಕಾಲಲ್ಲಿ ತುಳಿಯುವ ಎರಡು ಹಲಗೆಗಳನ್ನು ತೋರಿಸಿದರು. "ನನಗೂ ಇದೇ ಮೊಣಕಾಲು ವಲಿ, ನಿಮ್ಮಂಗೇ ನೋವು. ತುಳಿಯೋ ಪಲಗೆ ರೊಂಬ ಕೆಳಗೆ ಹೋಗ್ತಿತ್ತು. ಅದರ ಕಯಿರು, ಈ ಹಗ್ಗ, ಗಿಡ್ಡ ಕಟ್ಟಿದೆ, ನಿಮ್ಮ ಸೈಕಲ್‌ಗೆ ಮಾಡಿದಂಗೇ. ವಲಿ ಜಾಸ್ತಿ ಆಯ್ತು! ಪಲಗೆ ಮೇಲಕ್ಕೆ ಬಂತು, ನಾನು ಕೂತಿದ್ದು ಕೂತಲ್ಲೇ. ಕಾಲು ಮಡಚಿಕೊಂಡೇ ಇತ್ತು. ಆಮೇಲೆ ಕೂರೋ ಮಣೆ ಕೆಳಗೆ ಈ ಮರ ಕೊಟ್ಟೆ. ಎರಡೂ ಸೇರಿದ್ರೇನೇ ಸರಿ ಅಕ್ಕ. ಒಂದು ಮಾಡಿ ಒಂದು ಬಿಟ್ರೆ, ಮಾಡದೆ ಇರೋದೇ ಮೇಲು."

ಮಣೆಯ ಕೆಳಗೆ ಎರಡು ಬೆರಳು ದಪ್ಪದ ಮರದ ತುಂಡಿತ್ತು. ನಾಚಿಕೆಯಾಯಿತು. ರಿಪೇರಿಯವರು ಸರಿಯಾಗಿ ಮಾಡಿ ಕೊಟ್ಟದ್ದನ್ನು ನನ್ನ ಕೈಯಾರೆ ಕೆಡಿಸಿದ್ದೆ. ಅಲ್ಲೇ ನಿಂತು ಉಕ್ಕಡಂನಲ್ಲಿ ಬಿದ್ದದ್ದು, ಬಸ್ಸಿನ ಬ್ರೇಕಿನ ಸದ್ದು, ಭಯ, ಎಲ್ಲವನ್ನೂ ಹೇಳಿಬಿಟ್ಟೆ. ಗಂಡನಿಗೂ ಹೇಳದ್ದನ್ನು ಯಾರೋ ಗುರುತಿಲ್ಲದವರಿಗೆ ಹೇಳಿದ್ದೆ.

ಸರೋಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಅಷ್ಟೇ ತಾನೆ? ಸೀಟ ಮೇಲೆ ಕೂತೇ ಯಾಕೆ ನಿಲ್ತೀರಿ? ನಿಲ್ಸೋವಾಗ ಮುಂದಕ್ಕೆ ಜಾರಿ ಇಳೀರಿ, ಒಂದು ಕಾಲು ಊರಿ. ನಾನು ಪಿಡ್ಕೋತೀನಿ."

ಚೀಲದಿಂದ ತಿರುಪು ಸಡಿಲಿಸುವ ಅಲೆನ್ ಕೀ ತೆಗೆದು ಸೀಟು ಎತ್ತರಿಸಿದೆ, ರಿಪೇರಿಯವರು ಇಟ್ಟಿದ್ದ ಗೆರೆಯವರೆಗೆ. ಸರೋಜಮ್ಮ ಹಿಂದಿನಿಂದ ಹಿಡಿದುಕೊಂಡರು. ಹತ್ತು ಸಲ ಹೊರಡು, ಹತ್ತು ಸಲ ನಿಲ್ಲು. ಮೂರನೆಯ ಸಲ ಇಬ್ಬರೂ ಬೇಲಿಗೆ ಹೋಗಿ ಆತುಕೊಂಡು ನಕ್ಕೆವು. ಏಳನೆಯ ಸಲ ತಿರುಗಿ ನೋಡಿದರೆ ಅವರು ಬಾಗಿಲಲ್ಲಿ ಕೂತು ಹೂ ಕಟ್ಟುತ್ತಿದ್ದರು, ಹಿಡಿದೇ ಇರಲಿಲ್ಲ! "ಆಡಿ ಕಾತ್ತಲ್ಲಿ ಅಮ್ಮಿಕಲ್ಲೂ ಹಾರ್ತದೆ. ನೀವು ನಿಂತ್ರಲ್ಲ, ಸಾಕು" ಎಂದರು. ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂಬುದು ತಮಿಳರ ಗಾದೆ. ಹೊರಡುವಾಗ ಕಟ್ಟಿದ ಹೂವನ್ನು ನನ್ನ ಜಡೆಗೇ ಮುಡಿಸಿದರು. ಮೇಲೆ ಹೆಲ್ಮೆಟ್ ಹಾಕಿಕೊಂಡೆ.

ಗಾಳಿ ಹಾಗೇ ಇತ್ತು, ಇನ್ನೂ ಜೋರಾಗಿತ್ತು. ನೋವು ಹೋಯಿತೆಂದರೆ ಸುಳ್ಳಾದೀತು. ಆದರೆ ಸೂಜಿ ಚುಚ್ಚುವುದು ನಿಂತು, ಬರೀ ಮಂದ ನೋವು ಉಳಿಯಿತು. ಪ್ರತಿ ಸುತ್ತಿಗೂ ಕಾಲು ಕೆಳಗೆ ಹೋಗಿ ಚಾಚಿಕೊಂಡಾಗ ಹಾಯೆನಿಸುತ್ತಿತ್ತು. ನಡುವೆ ಒಂದು ಎಳನೀರು, ನಲವತ್ತು ರೂಪಾಯಿ.

ಮೂರೂವರೆಗೆ ಸಿಂಗಾನಲ್ಲೂರಿನಲ್ಲಿ, ಬಸ್ ನಿಲ್ದಾಣದ ಆಚೆ, ನಮ್ಮ ಕಾರು ನಿಂತಿತ್ತು. ಡಿಕ್ಕಿ ತೆರೆದು ಪಕ್ಕದಲ್ಲಿ ಇವರು. ಸೈಕಲ್ ಹಾಕಿಕೊಳ್ಳಲು ಬಂದಿದ್ದಾರೆಂದು ನೋಡಿದ ಕೂಡಲೇ ತಿಳಿಯಿತು, ಮೈಯೆಲ್ಲ ಉರಿಯಿತು. ಬ್ರೇಕು ಹಿಡಿದೆ. ಮುಂದಕ್ಕೆ ಜಾರಿ ಇಳಿದು, ಎಡಗಾಲು ಊರಿ ನಿಂತೆ.

"ಡಿಕ್ಕಿ ಮುಚ್ಚಿ" ಎಂದೆ.

"ನೋವಿಲ್ವಾ?"

"ಇದೆ. ತಡ್ಕೊಳ್ಳೋಷ್ಟಿದೆ."

ಅವರು ಸೀಟನ್ನು ನೋಡಿದರು, ನನ್ನ ಕಾಲನ್ನು ನೋಡಿದರು, ಡಿಕ್ಕಿ ಮುಚ್ಚಿದರು. ಆಮೇಲೆ ಮನೆಯವರೆಗೂ ಹತ್ತು ಹನ್ನೊಂದು ಕಿಲೋಮೀಟರ್, ಎಷ್ಟು ಬಸ್ಸುಗಳು ಹಾರನ್ ಬಾರಿಸಿದರೂ ಮುಂದೆ ಹೋಗದೆ ನನ್ನ ಹಿಂದೆಯೇ ಬಂದರು. ಒಂಬತ್ತು ಸಿಗ್ನಲ್ಲಿನಲ್ಲಿ ನಿಂತೆ. ಒಂದರಲ್ಲೂ ಬೀಳಲಿಲ್ಲ.

ಗೇಟಿನ ಬಳಿ ಇಳಿದು, "ಈಗ ಶಿವಕುಮಾರ್‌ಗೆ ನೀವು ಹೇಳ್ತೀರೋ, ನಾನೇ ಹೇಳ್ಲೋ?" ಎಂದು ಜಗಳಕ್ಕೆ ನಿಂತೆ.

"ಸಿಂಗಾನಲ್ಲೂರಲ್ಲೇ ಹೇಳಿದೆ, ಕಾರು ಹತ್ತೋಕೆ ಮುಂಚೆ."

"ಮನೆ ಮುಟ್ಟೋಕೆ ಮುಂಚೆನೇ? ದಾರೀಲಿ ಕಾಲು ನಿಂತುಹೋಗಿದ್ರೆ?"

ಅವರು ನನ್ನ ಕೈಯಿಂದ ಸೈಕಲ್ ತೆಗೆದುಕೊಂಡು ಗೋಡೆಗೆ ಒರಗಿಸಿದರು. "ನಿನ್ನ ಕಾಲಿಗೆ ನಾನ್ಯಾವತ್ತು ಹೆದರಿದ್ದೆ ವತ್ಸಲಾ? ನೀನು ಬೀಳೋದಕ್ಕೆ ಹೆದರಿದ್ದೆ" ಎಂದರು. "ಉಕ್ಕಡಂನಲ್ಲಿ ಬಿದ್ದಿದ್ದನ್ನ ನೀನು ಹೇಳ್ಲಿಲ್ಲ. ನಿನ್ನ ಹಿಂದೆ ಬ್ರೇಕು ಹಾಕಿದ ಆ ಬಸ್ಸಿನಲ್ಲಿ, ಮುಂದಿನ ಸೀಟಲ್ಲಿ ನಮ್ಮ ಶಿವಕುಮಾರ್ ಇದ್ರು."