ಮೇಷ್ಟ್ರ ವಿಮಾನದ ಶಾಫ್ಟು

ತೊಂಬತ್ತರ ದಶಕದ ಕೊನೆಯಲ್ಲಿ ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಓಡಿಸುತ್ತಿದ್ದೆ. ಹಿಟ್ಟಿನ ಗಿರಣಿಯ ಶಾಫ್ಟುಗಳೇ ನನ್ನ ಅನ್ನ. ಶಾಫ್ಟು ದಪ್ಪದಿಂದ ಸಣ್ಣಕ್ಕೆ ಇಳಿಯುವ ಕಡೆ ಮೂಲೆ ಎಷ್ಟು ಚೂಪೋ ಕೆಲಸ ಅಷ್ಟು ಅಚ್ಚುಕಟ್ಟು ಎಂಬುದು ನಮ್ಮಲ್ಲಿನ ನಂಬಿಕೆ. ಗಿರಣಿಯವರು ಅಲ್ಲಿ ಉಗುರು ಆಡಿಸಿ ನೋಡಿ, ತಲೆದೂಗಿ ತಗೊಂಡು ಹೋಗುತ್ತಿದ್ದರು. ನನಗೂ ಜಂಭ ಕಮ್ಮಿ ಇರಲಿಲ್ಲ.

ಗುಬ್ಬಿಯಲ್ಲಿ ನನಗೆ ಗಣಿತ ಕಲಿಸಿದ್ದ ಮೇಷ್ಟ್ರು ರಿಟೈರಾದ ಮೇಲೆ ಒಬ್ಬರೇ ಕೂರುವಂಥ ವಿಮಾನ ಕಟ್ಟಲು ಹೊರಟಿದ್ದರು. ಗುಜರಿಯಿಂದ ಒಂದು ಕಾರಿನ ಇಂಜಿನ್ ತಂದಿದ್ದರು. ಅದರ ವೇಗಕ್ಕೆ ಪ್ರೊಪೆಲ್ಲರನ್ನು ನೇರವಾಗಿ ಜೋಡಿಸಿದರೆ ಬರೀ ಅರಚುತ್ತದಂತೆ, ಎಳೆಯುವುದಿಲ್ಲವಂತೆ. ಅದಕ್ಕೇ ನಡುವೆ ಒಂದು ಚಿಕ್ಕ ಪುಲ್ಲಿ, ಒಂದು ದೊಡ್ಡ ಪುಲ್ಲಿ, ಹಲ್ಲಿರುವ ಬೆಲ್ಟು. ಇಂಜಿನ್ ಎರಡು ಸುತ್ತು ಹಾಕಿದರೆ ಪ್ರೊಪೆಲ್ಲರ್ ಒಂದು ಸುತ್ತು. ದೊಡ್ಡ ಪುಲ್ಲಿಯೂ ಪ್ರೊಪೆಲ್ಲರೂ ಕೂರುವ ಶಾಫ್ಟಿನ ಡ್ರಾಯಿಂಗ್ ಹಿಡಿದು ನನ್ನ ಹತ್ತಿರ ಬಂದರು.

ಡ್ರಾಯಿಂಗಿನಲ್ಲಿ ಮೂಲೆ ದುಂಡಗಿತ್ತು. ವಯಸ್ಸಾಯಿತು, ಕೈ ನಡುಗಿರಬೇಕು ಅಂದುಕೊಂಡೆ. ಪಾಪ, ಕೇಳಿ ಯಾಕೆ ನೋಯಿಸಬೇಕು ಅಂತ ನಾನೇ ತಿದ್ದಿ ಕತ್ತಿಯಂಥ ಮೂಲೆ ಕಡೆದೆ. ಮೂಲೆ ಮುಚ್ಚುವಂತೆ ಬೇರಿಂಗ್ ಕೂರಿಸಿಯೇ ಕೊಟ್ಟಿದ್ದರಿಂದ ಅದು ಅವರ ಕಣ್ಣಿಗೆ ಬೀಳಲಿಲ್ಲ.

ನಿಟ್ಟೂರಿನ ಹತ್ತಿರದ ಅವರ ತೋಟದಲ್ಲಿ ಇಂಜಿನ್ನಿನ ಚೌಕಟ್ಟನ್ನು ತೆಂಗಿನ ಮರಕ್ಕೆ ಬಿಗಿದು ಓಡಿಸಿ ನೋಡುತ್ತಿದ್ದೆವು. ಎರಡು ಭಾನುವಾರ ಚೆನ್ನಾಗಿ ಓಡಿತು. ಮೂರನೆಯ ಭಾನುವಾರ ಪೂರ್ತಿ ವೇಗ ಕೊಟ್ಟಾಗ ಶಾಫ್ಟು ಪಟ್ಟನೆ ಮುರಿದು, ಪ್ರೊಪೆಲ್ಲರ್ ಹಾರಿ ಪಕ್ಕದ ರಾಗಿ ಹೊಲಕ್ಕೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮುರಿದ ತುಂಡು ಎತ್ತಿ ನೋಡಿದೆ. ಬಿರುಕು ಎದ್ದಿದ್ದು ನನ್ನ ಚೂಪು ಮೂಲೆಯಿಂದಲೇ; ದುಂಡಗಿದ್ದಿದ್ದರೆ ಬಲವೆಲ್ಲ ಆ ಒಂದೇ ಗೆರೆಯ ಮೇಲೆ ಬೀಳುತ್ತಿರಲಿಲ್ಲ. ಯಾರಿಗೂ ತೋರಿಸದೆ ತುಂಡನ್ನು ಚೀಲಕ್ಕೆ ಹಾಕಿಕೊಂಡೆ.

ಹದಿನೈದು ದಿನ ಮುಖ ತಪ್ಪಿಸಿಕೊಂಡು, ಕೊನೆಗೆ ಅವರ ಮನೆಗೆ ಹೋದೆ. ಮೇಷ್ಟ್ರು ಇಂಜಿನ್ನನ್ನು ಮತ್ತೆ ಗುಜರಿಗೆ ಕೊಡಲು ಹೊರಟಿದ್ದರು.

"ನನ್ನ ಲೆಕ್ಕವೇ ತಪ್ಪಿರ್ಬೇಕು ಕಣೋ. ಲೆಕ್ಕ ತಪ್ಪೋ ಮುದುಕ ಮೇಲಕ್ಕೆ ಹೋಗಬಾರ್ದು ಬಿಡು."

ನನಗೆ ತಡೆಯಲಾಗಲಿಲ್ಲ. "ಲೆಕ್ಕ ಸರಿ ಇತ್ತು ಸಾ. ನೀವು ಮೂಲೆ ದುಂಡಗೆ ಬರ್ದಿದ್ರಿ, ನಾನೇ ಚೂಪು ಮಾಡ್ದೆ. ಮುರಿದಿರೋದು ಅಲ್ಲಿಂದ್ಲೇ" ಅಂದುಬಿಟ್ಟೆ. ಬೈಸಿಕೊಳ್ಳಲು ತಯಾರಾಗಿ ನಿಂತೆ.

ಅವರ ಮುಖ ಅರಳಿತು. "ಕೇಳಿಸ್ತೇನೇ? ನನ್ನ ಲೆಕ್ಕ ಸರಿ ಇತ್ತಂತೆ!" ಅಂತ ಒಳಗೆ ಕೂಗಿ, ನನ್ನ ಕಡೆ ತಿರುಗಿದರು. "ನಾಳೇನೇ ಇನ್ನೊಂದು ಮಾಡೋ, ಈ ಸಲ ದುಂಡಗೆ."

ಅವರ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಎಲ್ಲ ಕೇಳಿಸಿಕೊಂಡು ನಿಂತಿದ್ದರು.

"ಇವ್ರು ಮೇಲಿದ್ದಾಗ ಮುರಿದಿದ್ರೆ ಏನಪ್ಪಾ ಮಾಡ್ತಿದ್ದೆ?"

ಅವರು ಒಳಗೆ ಹೋಗಿ ಕಾಫಿ ತಂದರು, ಮೇಷ್ಟ್ರಿಗೆ ಒಂದೇ ಲೋಟ. ನಾನು ಮೇಷ್ಟ್ರ ಹತ್ತಿರ ಶಾಫ್ಟಿನ ಡ್ರಾಯಿಂಗ್ ಇಸಿದುಕೊಂಡು ಹೊರಟೆ.