ದೊಡ್ಡಮ್ಮ ಒರೆಸಿದ ಕಿಟಕಿಗಳು

ನಮ್ಮ ದೊಡ್ಡಮ್ಮನ ಕೈಗೆ ಒದ್ದೆ ಬಟ್ಟೆ ಸಿಕ್ಕಿತೆಂದರೆ ಅವಳ ಎದುರು ನಿಲ್ಲಬಾರದು, ನಿಂತವರನ್ನೂ ಒರೆಸಿಬಿಡುತ್ತಾಳೆ. ಮದುವೆಯಾಗಿ ಈ ಮನೆಗೆ ಕಾಲಿಟ್ಟಾಗಿನಿಂದ ಇಲ್ಲಿನ ಮರದ ಕಿಟಕಿಗಳನ್ನೆಲ್ಲ ಒರೆಸಿದವಳು ಅವಳೇ. ಮನೆ ಮುತ್ತಜ್ಜನ ಕಾಲದ್ದು, ಕಿಟಕಿಗಳೂ ಅಷ್ಟೇ ಹಳೆಯವು. ಕೆಲವನ್ನು ಮುಚ್ಚಲು ಭುಜ ಕೊಡಬೇಕು, ಕೆಲವು ಬೇಡವೆಂದರೂ ತೆರೆದುಕೊಳ್ಳುತ್ತವೆ.

ಅವನ್ನು ದುರಸ್ತಿ ಮಾಡಿಸಬೇಕೆಂದು ದೊಡ್ಡಮ್ಮ ಹಟ ಹಿಡಿದಳು. ಬಡಗಿ ಹೇಳಿದ ಖರ್ಚು ಕೇಳಿ ಚಿಕ್ಕಪ್ಪ ಹೌಹಾರಿದ. "ಅತ್ತಿಗೆ, ಒಂದು ಹಳೇ ಕಿಟಕಿ ರಿಪೇರಿ ಮಾಡ್ಸೋ ದುಡ್ಡಲ್ಲಿ ಎರಡು ಅಲ್ಯೂಮಿನಿಯಂ ಕಿಟಕಿ ಬರುತ್ತೆ. ಮೂಗಿಗಿಂತ ಮೂಗುತಿ ಭಾರ ಆಗ್ಬಾರ್ದು."

"ಎರಡು ಬಂದ್ರೆ ಒಂದನ್ನ ನಿನ್ನ ತಲೆಗೆ ಹಾಕಿಸ್ಕೊ. ಸ್ವಲ್ಪ ಗಾಳಿ ಆಡುತ್ತೆ," ಎಂದಳು ದೊಡ್ಡಮ್ಮ.

ಈ ಜಗ್ಗಾಟ ವಾರಗಟ್ಟಲೆ ನಡೆಯಿತು. ಕೊನೆಗೆ ಚಿಕ್ಕಪ್ಪ ಒಪ್ಪಿದ, ಆದರೆ ಬಡಗಿಯ ಎದುರಿಗೇ ಷರತ್ತು ಹಾಕಿದ: ಹೇಳಿದ್ದಕ್ಕಿಂತ ಒಂದು ಕಾಸು ಹೆಚ್ಚಾದರೂ ಹಳೆಯ ಕಿಟಕಿಗಳೆಲ್ಲ ಗುಜರಿಗೆ.

ಬಡಗಿ ಕಿಟಕಿಯ ಕದಗಳನ್ನೆಲ್ಲ ಕಳಚಿ, ಯಾವ ಕದ ಯಾವ ಚೌಕಟ್ಟಿನದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಂಗಳದ ಗೋಡೆಗೆ ಸಾಲಾಗಿ ಒರಗಿಸಿ ಹೋದ. ಮರುದಿನ ಬಂದು ನೋಡಿದರೆ ಕದಗಳು ಫಳಫಳ ಹೊಳೆಯುತ್ತಿದ್ದವು. ಗುರುತು ಒಂದೂ ಇರಲಿಲ್ಲ.

"ಧೂಳು ಕೂತಿತ್ತಪ್ಪಾ," ಎಂದಳು ದೊಡ್ಡಮ್ಮ.

ಬಡಗಿ ತಲೆಯ ಮೇಲೆ ಕೈಹೊತ್ತು ಕುಳಿತ. ಮನೆ ಹಳೆಯದಾದಂತೆ ಚೌಕಟ್ಟುಗಳು ಒಂದೊಂದು ಒಂದೊಂದು ಕಡೆಗೆ ವಾಲಿದ್ದವು, ಪ್ರತಿ ಕದವನ್ನೂ ಅದರದೇ ಚೌಕಟ್ಟಿಗೆ ತಕ್ಕಂತೆ ಯಾರೋ ಯಾವಾಗಲೋ ಕೆತ್ತಿ ಕೂರಿಸಿದ್ದರು. ಒಂದರದು ಇನ್ನೊಂದಕ್ಕೆ ಕೂರದು. "ಒಂದೊಂದನ್ನೂ ಎತ್ತಿ ಹೊಂದಿಸ್ತಾ ಹೋದ್ರೆ ನನ್ನ ಕೂಲಿ ಎರಡರಷ್ಟಾಗುತ್ತಮ್ಮ," ಎಂದ. ದೊಡ್ಡಮ್ಮನ ಮುಖ ಸಪ್ಪಗಾಯಿತು. ಸಂಜೆ ಚಿಕ್ಕಪ್ಪ ಬರುವುದರೊಳಗೆ ಇದು ಬಗೆಹರಿಯದಿದ್ದರೆ ಅವಳ ಕಿಟಕಿಗಳ ಕಥೆ ಮುಗಿದಂತೆ.

ಅವಳು ಮಂಡಿಯೂರಿ ಕೂತು ಮೊದಲ ಕದದ ಮೇಲೆ ಕೈಯಾಡಿಸಿದಳು. "ಇದು ಅಡುಗೆಮನೇದು. ಈ ಮೂಲೇಲಿರೋ ಸಿಬಿರು ದಿನಾ ನನ್ನ ಬಟ್ಟೆ ಹಿಡ್ಕೊಳ್ಳುತ್ತೆ."

ಬಡಗಿ ಒಯ್ದು ಇಟ್ಟ, ಸರಿಯಾಗಿ ಕೂತಿತು. ನನಗೆ ಕುತೂಹಲ ತಡೆಯಲಾಗಲಿಲ್ಲ, ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. ಎರಡನೆಯದರಲ್ಲಿ ಒಂದು ಸುಟ್ಟ ಕಲೆ: ಕಂಡವರಿಗೆಲ್ಲ ಆರೋಗ್ಯದ ಪಾಠ ಹೇಳುತ್ತಿದ್ದ ತಾತ ಕದ್ದು ಸಿಗರೇಟು ಸೇದಿ ಒತ್ತಿ ಆರಿಸುತ್ತಿದ್ದ ಜಾಗವಂತೆ! ಇನ್ನೊಂದರಲ್ಲಿ ಉದ್ದ ಮೂಗಿನ ಮೇಷ್ಟ್ರು, ಪರೀಕ್ಷೆಗೆ ಓದಲು ಕೂತ ಚಿಕ್ಕಪ್ಪ ಮೊಳೆಯಲ್ಲಿ ಕೊರೆದದ್ದು.

"ಇದು ಹಾಲಿಂದು. ಇಲ್ನೋಡು, ಹಲ್ಲು ಬರುವಾಗ ನೀನು ಕಚ್ಚಿದ್ದು."

"ನಾನಾ?"

"ಮತ್ತಿನ್ಯಾರು, ಇಲಿನಾ?"

ಮಧ್ಯಾಹ್ನದ ಹೊತ್ತಿಗೆ ಒಂದು ಜೊತೆ ಮಾತ್ರ ಉಳಿಯಿತು. ದೊಡ್ಡಮ್ಮ ಅದನ್ನು ತಿರುಗಿಸಿ ನೋಡಿದಳು, ತಡವಿದಳು, ಮೂಸಿಯೂ ನೋಡಿದಳು.

"ಇದು ನಮ್ಮನೇದಲ್ಲ. ಇನ್ಯಾರ ಮನೇದೋ ತಂದಿಟ್ಟಿದ್ದೀಯ ನೀನು."

"ಉಳಿದಿರೋ ಚೌಕಟ್ಟು ಒಂದೇ ಅಮ್ಮಾ," ಎಂದು ಬಡಗಿ ಅದನ್ನು ಎತ್ತಿಕೊಂಡು ಒಳಗೆ ನಡೆದ. ನಾವಿಬ್ಬರೂ ಹಿಂದೆ ಹೋದೆವು. ಅವನು ಹೋಗಿ ನಿಂತದ್ದು ದೊಡ್ಡಮ್ಮನ ಕೋಣೆಯಲ್ಲಿ. ಕದ ಸದ್ದಿಲ್ಲದೆ ಕೂತಿತು.

ನನಗೆ ಮೊದಲು ನಗು ಬಂತು. ಆಮೇಲೆ ಅವಳ ಮುಖ ನೋಡಿ ಸಂಕಟವಾಯಿತು. "ಎಲ್ಲಾ ಮುಗಿಸಿ ಇಲ್ಲಿಗೆ ಬರೋ ಹೊತ್ತಿಗೆ ಕತ್ತಲಾಗಿರ್ತಿತ್ತು ಕಣೆ," ಎಂದಳು. "ಹಾಗೇ ಒಂದು ಸಲ ಬಟ್ಟೆ ಆಡಿಸಿ ಮಲಗಿಬಿಡ್ತಿದ್ದೆ."

ಬಡಗಿ ಚಿಲಕ ಎಳೆದು, ಕೀಲು ಅಲ್ಲಾಡಿಸಿ ನೋಡಿದ. "ಇದನ್ನ ತೆರೆದೇ ಇಲ್ವಲ್ಲಮ್ಮ ನೀವು. ಕೀಲು ಒಂಚೂರೂ ಸವೆದಿಲ್ಲ. ರಿಪೇರಿ ಏನೂ ಇಲ್ಲ, ಇದರ ದುಡ್ಡು ಬಿಟ್ಬಿಡ್ತೀನಿ."

ಚಿಕ್ಕಪ್ಪ ಕೇಳಿದ್ದರೆ ಕುಣಿದಾಡುತ್ತಿದ್ದ. ದೊಡ್ಡಮ್ಮ ಮುಂದೆ ಹೋಗಿ ಎರಡೂ ಕದಗಳನ್ನು ಪೂರ್ತಿಯಾಗಿ ತೆರೆದಳು. ಹೊರಗೆ ಹಿಂಬೀದಿ. ಕ್ಷೌರದಂಗಡಿಯವನು ತನ್ನ ಅಂಗಡಿಯ ಹಿತ್ತಲ ಮೆಟ್ಟಿಲ ಮೇಲೆ ಕೂತು ತನ್ನ ಗಡ್ಡ ತಾನೇ ಬೋಳಿಸಿಕೊಳ್ಳುತ್ತಿದ್ದ. "ಅಯ್ಯೋ, ಇವನು ಇಲ್ಲಿ ಕೂರ್ತಾನಾ!" ಎನ್ನುತ್ತ ಅವಳು ಕುರ್ಚಿ ಎಳೆದುಕೊಂಡಳು.

"ಸರಿ ಕಣಪ್ಪ, ಈ ಸಲ ಬಿಡು," ಎಂದಳು ಬಡಗಿಯ ಕಡೆ ತಿರುಗದೆಯೇ. "ಮುಂದಿನ ಸಲ ನೀನು ಬರೋಷ್ಟರಲ್ಲಿ ಇದಕ್ಕೂ ಖರ್ಚು ಬರೋ ಹಾಗೆ ಮಾಡಿರ್ತೀನಿ."