ಬೀಚ್ ಮರಗಳ ನಡುವಿನ ತಂತಿ

ಮೆರಿಯಲ್ ಕಾಬ್ ಬಗ್ಗೆ ನಟ್‌ಕೂಂಬ್ ಊರಿನವರು ಆಡಿಕೊಳ್ಳುತ್ತಿದ್ದುದು ಹೀಗೆ: ಒಲೆ ಮೇಲಿನ ಕೆಟಲ್ ಶಿಳ್ಳೆ ಹಾಕಿದರೆ ಅವಳು ಬೆಚ್ಚಿಬೀಳುತ್ತಾಳೆ, ಆಮೇಲೆ ಆ ಕೆಟಲ್ಲಿಗೇ ‘ಕ್ಷಮಿಸು’ ಅನ್ನುತ್ತಾಳೆ. ಅಂಚೆಯವನು ಬಾಗಿಲು ತಟ್ಟುವುದಕ್ಕೆ ಮುಂಚೆ ಗೇಟಿನ ಹತ್ತಿರವೇ ನಿಂತು ಕೆಮ್ಮುತ್ತಿದ್ದನಂತೆ, ಪಾಪ, ಮುದುಕಿ ಎಲ್ಲಿ ಎದೆ ಒಡೆದುಕೊಳ್ಳುತ್ತಾಳೋ ಅಂತ. ‘ಹೆಂಗೋ ಅಣ್ಣ ಒಬ್ಬ ಜತೆಗಿದಾನಲ್ಲ, ಅವನಿರೋ ತನಕ ಅವಳಿಗೇನು ಭಯ’ ಎಂದೂ ಅದೇ ಬಾಯಲ್ಲಿ ಹೇಳುತ್ತಿದ್ದರು. ಊರಿನವರಿಗೆ ಒಂದೊಂದು ಸಲ ಕಣ್ಣಿರುವುದೇ ದಂಡಕ್ಕೆ.

ಅಣ್ಣನ ಹೆಸರು ಕ್ಲೆಮ್. ದೊಡ್ಡಮನೆಯವರ ಬೇಟೆಕಾಡಿಗೆ ಕಾವಲುಗಾರನಾಗಿ ಆಯುಷ್ಯ ಕಳೆದವನು. ಬೇಟೆಗೆಂದು ಬಿಡುವ ಫೆಸೆಂಟ್ ಹಕ್ಕಿಯ ಮರಿಗಳಿಗೆ ಕಾಳು ಹಾಕಿ ಸಾಕುವುದು, ಅವನ್ನು ಕದಿಯಲು ಬರುವ ನರಿಗೆ ತಂತಿಯ ಉರುಳು ಇಡುವುದು, ಇದೇ ಅವನ ಕಸುಬು. ತಂಗಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಎತ್ತುವ ಅಗತ್ಯವೇ ಬರಲಿಲ್ಲ. ಅವಳು ಹರೆಯದಲ್ಲಿದ್ದಾಗ ಪಕ್ಕದೂರಿನ ಬಡಗಿಯೊಬ್ಬ ಅವಳನ್ನು ನೋಡಲು ಸಂಜೆ ಹೊತ್ತು ಬರುತ್ತಿದ್ದ. ಕ್ಲೆಮ್ ಬೇಡ ಅನ್ನಲಿಲ್ಲ, ಬೈಯಲಿಲ್ಲ. ಬಡಗಿ ಬಂದಾಗಲೆಲ್ಲ ಎದುರು ಕುರ್ಚಿ ಎಳೆದುಕೊಂಡು ಕೂತು ತನ್ನ ಕೋವಿಗೆ ಎಣ್ಣೆ ಹಚ್ಚಿ ಒರೆಸುತ್ತಿದ್ದ, ಅಷ್ಟೆ. ಚಳಿಗಾಲ ಕಳೆಯುವುದರೊಳಗೆ ಬಡಗಿ ಬರುವುದು ನಿಂತಿತು. ಆವತ್ತಿನಿಂದ ಮೆರಿಯಲ್ ಅಣ್ಣನ ಮೌನವನ್ನು ಹವಾಮಾನ ನೋಡುವ ಹಾಗೆ ನೋಡಿಕೊಂಡು ಬದುಕಿದಳು.

ಅವರ ಮನೆ ಕಾಡಿನ ಅಂಚಿಗಿತ್ತು. ಹಿತ್ತಲ ಬೇಲಿಯಾಚೆ ಗುಡ್ಡ. ಮೇಲಷ್ಟೇ ಹಸಿರು, ಒಂದು ಗುದ್ದಲಿ ಅಗೆದರೆ ಒಳಗೆಲ್ಲ ಸೀಮೆಸುಣ್ಣದಂಥ ಬಿಳೀ ಮಣ್ಣು. ಆ ಗುಡ್ಡದ ನೆತ್ತಿಯಿಂದ ಬೀಚ್ ಎಂಬ ಎತ್ತರದ ಕಾಡುಮರಗಳ ನಡುವೆ ಬಿಳೀ ದಾರಿಗಳು ಇಳಿಯುತ್ತಿದ್ದವು. ಸೈಕಲ್ಲಿನವರು ತುಳಿದು ತುಳಿದು ಮಾಡಿಕೊಂಡ ದಾರಿಗಳು ಅವು. ಒಂದೊಂದಕ್ಕೂ ಒಂದೊಂದು ಅಡ್ಡಹೆಸರು. ಮನೆಯ ಹಿಂದೆ ಇಳಿಯುವುದಕ್ಕೆ ‘ಹಲ್ಲಿನ ಡಾಕ್ಟರು’ ಅಂತ ಹೆಸರು, ಅಷ್ಟು ಜನ ಅಲ್ಲಿ ಹಲ್ಲು ಮುರಿದುಕೊಂಡಿದ್ದರು. ಭಾನುವಾರ ಬೆಳಗಾದರೆ ಅವರು ಕೂಗಿಕೊಂಡು, ಕೆಸರು ಎರಚಿಕೊಂಡು, ಬಿಟ್ಟ ಬಾಣದ ಹಾಗೆ ಇಳಿಯುತ್ತಿದ್ದರು.

ಕ್ಲೆಮ್ ಅವರನ್ನು ಬೈದುಕೊಂಡಾದರೂ ಸಹಿಸುತ್ತಿದ್ದ, ಅವನ ನಾಯಿ ಸಾಯುವ ತನಕ. ಪಟ್ಟಣದಿಂದ ಬಂದ ಯಾರೋ ತಿರುವಿನಲ್ಲಿ ಅದರ ಮೇಲೇ ಸೈಕಲ್ ಹಾಯಿಸಿಬಿಟ್ಟ. ಆಮೇಲೆ ಅವನೇ ಅಳುತ್ತ ಅದನ್ನು ಎತ್ತಿಕೊಂಡು ಬಂದು ಕ್ಲೆಮ್‌ನ ಬಾಗಿಲಲ್ಲಿ ನಿಂತ. ಕ್ಲೆಮ್ ನಾಯಿಯನ್ನು ಇಸಿದುಕೊಂಡು ಬಾಗಿಲು ಹಾಕಿದ. ಒಂದು ಮಾತೂ ಆಡಲಿಲ್ಲ. ಆ ವಾರವೆಲ್ಲ ಆಡಲಿಲ್ಲ.

ವಸಂತದ ಒಂದು ಬೆಳಗ್ಗೆ ಮೆರಿಯಲ್ ಒಲೆಗೆ ಪುರಲೆ ಆಯಲು ಕಾಡಿಗೆ ಹೋದಳು. ಬಿಳೀ ದಾರಿ ದಾಟುವಾಗ ಗಾಳಿಯಲ್ಲಿ ಏನೋ ಗೆರೆ ಎಳೆದಂತೆ ಕಂಡಿತು. ಜೇಡದ ನೂಲು ಅಂದುಕೊಂಡು ಕೈ ಚಾಚಿದರೆ ಬೆರಳು ಕುಯ್ಯಿತು. ತಂತಿ. ಈ ಮರದಿಂದ ಆ ಮರಕ್ಕೆ, ಸೈಕಲ್ ಮೇಲೆ ಕೂತವರ ಕತ್ತಿನ ಮಟ್ಟಕ್ಕೆ ಬಿಗಿದಿತ್ತು.

ಯಾರು ಅಂತ ಅವಳು ಯೋಚಿಸಬೇಕಾಗಿರಲಿಲ್ಲ. ಉರುಳು ಕಟ್ಟುವ ಕಾವಲುಗಾರರಿಗೆ ಒಬ್ಬೊಬ್ಬರಿಗೆ ಒಂದೊಂದು ಕೈ. ಕ್ಲೆಮ್ ತಂತಿಯನ್ನು ಎಡಕ್ಕೆ ಹೊಸೆದು, ತುದಿ ಬೆರಳಿಗೆ ಚುಚ್ಚದಿರಲಿ ಅಂತ ಮತ್ತೆ ಒಳಕ್ಕೇ ಮಡಚಿ ಸಿಕ್ಕಿಸುತ್ತಿದ್ದ. ಹಿತ್ತಲಲ್ಲಿ ಅವಳ ಬೀನ್ಸ್ ಬಳ್ಳಿಯ ಕಡ್ಡಿಗಳನ್ನು ಕಟ್ಟಿಕೊಟ್ಟದ್ದೂ ಹಾಗೆಯೇ. ಮರದ ತೊಗಟೆಯ ಮೇಲೂ ಅದೇ ಮಡಿಕೆ ಕಂಡಿತು.

ಮನೆಗೆ ಓಡಿಬಂದು ಇಕ್ಕಳ ತೆಗೆದುಕೊಂಡು ಹೋಗಿ ತಂತಿ ಕತ್ತರಿಸಿದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಪೊಲೀಸಿನವರು ಬರುತ್ತಾರೆ, ಅವನನ್ನು ಕರೆದೊಯ್ಯುತ್ತಾರೆ, ಆಮೇಲೆ ಒಂದು ದಿನ ಬಿಟ್ಟುಕಳಿಸುತ್ತಾರೆ. ಅವನು ಬರುವುದು ಇದೇ ಮನೆಗೆ. ಅವಳ ಯೋಚನೆ ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು, ಅದರಾಚೆ ಹೋಗಲು ಧೈರ್ಯವಿರಲಿಲ್ಲ.

ಅಲ್ಲಿಂದ ದಿನಾ ಬೆಳಗ್ಗೆ ಅದೇ ಕೆಲಸವಾಯಿತು. ಅಣ್ಣ ಏಳುವ ಮುಂಚೆ ಕಾಡಿಗೆ ಹೋಗಿ, ಎರಡು ಕೈಯನ್ನೂ ಕತ್ತಿನ ಮಟ್ಟಕ್ಕೆ ಚಾಚಿಕೊಂಡು, ಕುರುಡಿಯಂತೆ ದಾರಿಯುದ್ದ ನಡೆಯುವುದು. ಕೆಲವು ದಿನ ಏನೂ ಇರುತ್ತಿರಲಿಲ್ಲ. ಇಲ್ಲದ ದಿನ ಭಯ ಇನ್ನೂ ಹೆಚ್ಚು, ಎಲ್ಲಿ ಕಣ್ತಪ್ಪಿಹೋಯಿತೋ ಅಂತ. ಸಿಕ್ಕಿದ್ದನ್ನು ಕತ್ತರಿಸಿ ತಂದು ಇದ್ದಿಲ ಬಕೆಟ್ಟಿನ ತಳದಲ್ಲಿ ಹೂಳುತ್ತಿದ್ದಳು, ಇಕ್ಕಳವನ್ನೂ ಅಲ್ಲೇ. ಆಮೇಲೆ ಕೈ ತೊಳೆದು ಅವನಿಗೆ ಮೊಟ್ಟೆ ಬೇಯಿಸುತ್ತಿದ್ದಳು.

ಒಂದು ದಿನ ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಹೇಳಿದ, “ಯಾರೋ ನನ್ನ ಉರುಳು ಕದೀತಿದಾರೆ.”

“ಮೊಲಕ್ಕೆ ಇಟ್ಟಿದ್ದಾ?” ಅಂದಳು ಮೆರಿಯಲ್.

ಅವನು ಅವಳನ್ನೇ ನೋಡಿದ. “ಮೊಲ ಅಷ್ಟೆತ್ತರ ಎಗರಲ್ಲ ಮೆರಿಯಲ್.”

ಕ್ಲೆಮ್‌ನ ಕಾಲಲ್ಲಿ ವಾಸಿಯಾಗದ ಒಂದು ಹುಣ್ಣಿತ್ತು. ಮಂಗಳವಾರ ಮಂಗಳವಾರ ಊರ ನರ್ಸ್ ಡೆಲ್ಫೀನ್ ಬಂದು ಪಟ್ಟಿ ಬದಲಿಸುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಗಟ್ಟಿ ನಗು. ಭಾನುವಾರ ಅವಳೂ ಗೆಳತಿಯರ ಜತೆ ಸೈಕಲ್ ಇಳಿಸುವವಳೇ. ಈ ಮನೆಯೊಳಗೆ ನಗುತ್ತಿದ್ದವಳು ಅವಳೊಬ್ಬಳು. ‘ಈ ವಯಸ್ಸಲ್ಲಿ ನಿಮಗ್ಯಾಕೆ ಅದು’ ಎಂದು ಕ್ಲೆಮ್ ಕೆಣಕಿದರೆ, ‘ನಿಮ್ಮ ಕಾಲಿಗಿಂತ ನನ್ನ ಮಂಡಿ ಎಷ್ಟೋ ವಾಸಿ, ಸುಮ್ನೆ ಕೂತ್ಕೊಳ್ಳಿ’ ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆ ಮಂಗಳವಾರ ಮೆರಿಯಲ್ ಟೀ ಲೋಟ ಕೊಡುವ ನೆವದಲ್ಲಿ ಬಗ್ಗಿ, ಭಾನುವಾರ ಮಳೆಯಂತೆ, ಹೋಗಬೇಡಿ ಅಂದಳು. ಮಳೆ ಬಿದ್ದರೆ ಆ ಬಿಳೀ ಮಣ್ಣು ಸೋಪಿನ ಹಾಗೆ ಜಾರುತ್ತೆ, ಅದಕ್ಕೇ ಮಜಾ ಎಂದು ಡೆಲ್ಫೀನ್ ನಕ್ಕಳು.

“ಯಾವ ದಾರೀಲಿ ಇಳೀತೀರಿ?” ಕ್ಲೆಮ್ ಕೇಳಿದ. ತುಂಬ ಮೆತ್ತಗೆ ಕೇಳಿದ.

ಅವಳು ಅವನ ಮುಂದೆ ಮಂಡಿಯೂರಿ ಪಟ್ಟಿ ಸುತ್ತುತ್ತಲೇ ಹೇಳಿದಳು. ಹೊಸದೊಂದು ದಾರಿ ಮಾಡಿಕೊಂಡಿದ್ದೇವೆ, ಹಳೇ ಯೂ ಮರದ ಕೆಳಗಿಂದ, ಯಾರಿಗೂ ಹೇಳಬೇಡಿ ಮತ್ತೆ ಎಂದು ಕಣ್ಣು ಮಿಟುಕಿಸಿದಳು.

ಡೆಲ್ಫೀನ್ ಹೋದ ಮೇಲೆ ಕ್ಲೆಮ್ ಕಿಟಕಿಯಾಚೆ ನೋಡುತ್ತ ಅಂದ, “ಆಕೆ ಯಾವತ್ತೂ ಮೊದಲು ಇಳಿಯಲ್ಲ. ಕೊನೇಲಿ ಬರ್ತಾಳೆ. ನಾನು ಗಮನಿಸಿದೀನಿ.”

ತಂಗಿಗೆ ಸಮಾಧಾನವಾಗಲಿ ಎಂದೇ ಅವನು ಹೇಳಿದ್ದು. ಅವಳು ಅಡುಗೆಮನೆಗೆ ಹೋಗಿ ಸಿಂಕ್ ಹಿಡಿದುಕೊಂಡು ನಿಂತಳು. ಮೊದಲು ಇಳಿಯುವವರಿಗೂ ಒಂದು ಕತ್ತಿರುತ್ತದೆಂಬುದು ಅವನಿಗೆ ಲೆಕ್ಕಕ್ಕೇ ಇರಲಿಲ್ಲ.

ಭಾನುವಾರ ಅವಳು ಎಂದಿಗಿಂತ ಬೇಗ ಎದ್ದಳು. ಇದ್ದಿಲ ಬಕೆಟ್ಟಿಗೆ ಕೈ ಹಾಕಿದರೆ ಬರೀ ಇದ್ದಿಲು. ಅಡುಗೆಮನೆಗೆ ಬಂದಳು. ದೀಪ ಹಾಕಿಕೊಂಡು ಕ್ಲೆಮ್ ಕೂತಿದ್ದ. ಬೂಟಿಗೆ ಹಸಿ ಬಿಳೀ ಮಣ್ಣು ಮೆತ್ತಿತ್ತು. ಮೇಜಿನ ಮೇಲೆ ಅವಳ ಲೋಟ, ಲೋಟದ ಪಕ್ಕಕ್ಕೆ, ಚಮಚ ಇಡುವ ಜಾಗದಲ್ಲಿ, ಇಕ್ಕಳ. ಪಟ್ಟಿ ಸುತ್ತಿದ ಕಾಲನ್ನು ಹಿತ್ತಲ ಬಾಗಿಲಿಗೆ ಅಡ್ಡವಾಗಿ ಸ್ಟೂಲಿನ ಮೇಲೆ ಚಾಚಿದ್ದ.

“ಕೂತ್ಕೊ. ಟೀ ಆರ್ತಿದೆ.”

ಅವಳು ಕೂತಳು. ಕುಡಿದಳು ಕೂಡ. ಬಾಯಿಗೆ ರುಚಿ ಹತ್ತಲಿಲ್ಲ. ಬೆಳಕು ಹರಿಯಿತು. ಕ್ಲೆಮ್ ಗೋಡೆಯ ಗಡಿಯಾರ ನೋಡಲಿಲ್ಲ, ಅವಳನ್ನೇ ನೋಡಿಕೊಂಡಿದ್ದ, ಉರುಳಿನ ಪಕ್ಕ ಕೂತು ಕಾಯುವವನ ತಾಳ್ಮೆಯಿಂದ. ಆಮೇಲೆ ದೂರದಲ್ಲಿ, ಗುಡ್ಡದ ನೆತ್ತಿಯಲ್ಲಿ, ಕಾರಿನ ಬಾಗಿಲು ಬಡಿದ ಸದ್ದು. ಇನ್ನೊಂದು. ಹೆಂಗಸರ ನಗು ಗಾಳಿಯಲ್ಲಿ ತೇಲಿ ಬಂತು.

ಮೆರಿಯಲ್ ಎದ್ದು ನಿಂತಳು.

“ನಾನು ಹೇಳ್ತೀನಿ ಕ್ಲೆಮ್. ನೀನೇ ಕಟ್ಟಿದ್ದು ಅಂತಾನೂ ಹೇಳ್ತೀನಿ.”

“ನೀನಾ?” ಅವನಿಗೆ ನಿಜವಾಗಿ ನಗು ಬಂತು. “ಅಂಗಡೀಲಿ ಹಳಸಿದ ಬ್ರೆಡ್ ಕೊಟ್ರೆ ವಾಪಸ್ ಮಾಡೋಕೆ ಬಾಯಿ ಬರಲ್ಲ ನಿಂಗೆ.”

ಅವಳು ಇಕ್ಕಳ ತೆಗೆದುಕೊಂಡಳು. ಸ್ಟೂಲಿನ ಹತ್ತಿರ ಬಂದು, ಸ್ಕರ್ಟ್ ಎತ್ತಿಹಿಡಿದು, ಅವನ ಕಾಲು ದಾಟಿದಳು. ದಾಟುವಾಗ ಅವನು ಹಿಡಿದುಕೊಳ್ಳುತ್ತಾನೆ, ಈಗ ಹಿಡಿದುಕೊಳ್ಳುತ್ತಾನೆ ಎಂದು ಮೈಯೆಲ್ಲ ಮುಳ್ಳೆದ್ದಿತ್ತು. ಅವನು ಹಿಡಿಯಲಿಲ್ಲ.

“ಹೋದ್ರೆ ಈ ಮನೆಗೆ ಮತ್ತೆ ಬರೋ ಹಾಗಿಲ್ಲ ನೀನು,” ಅಂದ.

“ಇಲ್ಲ,” ಅಂದಳು ಅವಳು. “ಬರಲ್ಲ.”

ಬಾಗಿಲ ಚಿಲಕ ತೆಗೆದು ಹೊರಬಿದ್ದಳು. ಮೂಳೆ ಕೊರೆಯುವ ಚಳಿ, ಕೋಟಿಲ್ಲ, ಕಾಲಲ್ಲಿ ಮನೆಯ ಚಪ್ಪಲಿ. ಹಿತ್ತಲ ಗೇಟು ಮುಟ್ಟುವ ಮೊದಲೇ ಅವಳು ಕೂಗತೊಡಗಿದ್ದಳು, ಜನ್ಮದಲ್ಲಿ ಕೂಗಿರದ ದನಿಯಲ್ಲಿ: ನಿಲ್ಲಿ, ಇಳೀಬೇಡಿ, ಯೂ ಮರದ ಹತ್ರ ತಂತಿ ಇದೆ, ಕಟ್ಟಿದ್ದು ನಮ್ಮ ಕ್ಲೆಮ್. ಮೇಲೆ ನಗು ಪಟ್ಟನೆ ನಿಂತಿತು. ‘ಯಾರದು?’ ಎಂದು ಡೆಲ್ಫೀನ್ ಕೂಗಿದ್ದು ಕೇಳಿಸಿತು. ಮೆರಿಯಲ್ ಹಿಂದಕ್ಕೆ ತಿರುಗಿ ನೋಡಲಿಲ್ಲ, ನೋಡಲು ಹೆದರಿಕೆಯಾಗಿತ್ತು. ಬಿಳೀ ದಾರಿಯ ನಟ್ಟನಡುವೆ ನಡೆಯುತ್ತ ತನ್ನ ಹೆಸರು ಹೇಳಿದಳು.